ನನ್ನ ಮಾವ ಮತ್ತು ತೊಂಬತ್ತೊಂಬತ್ತು ಕೋಳಿಗಳು

ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟ ಪಾಪ ನನ್ನ ದೊಡ್ಡ ಸೋದರಮಾವನ ತಲೆಯ ಮೇಲಿಲ್ಲ. ಬೇಕಾದರೆ ಹೊನ್ನಾವರದಲ್ಲಿ ಯಾರನ್ನಾದರೂ ವಿಚಾರಿಸಿ! ಕನ್ನಡ ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಮಾವ ಪ್ರತಿ ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ ಮಾಡುತ್ತಾರೆ. ಯೇಸು ಜನರಿಗೆ ದೃಷ್ಟಾಂತ ಕಥೆಗಳಲ್ಲಿ ಬೋಧಿಸಿದರು, ಒಪ್ಪೋಣ. ಆದರೆ ಚಹಾ ಬೇಕೋ ಬೇಡವೋ ಎಂದು ಕೇಳಿದ್ದಕ್ಕೆ ‘ಒಬ್ಬ ಯಜಮಾನನಿಗೆ ಒಂದು ದ್ರಾಕ್ಷಿತೋಟವಿತ್ತು’ ಎಂದು ಅವರು ಶುರುಮಾಡಿದ್ದನ್ನು ನಾನಂತೂ ಎಲ್ಲಿಯೂ ಓದಿಲ್ಲ. ಮಾವ ಹಾಗೆಯೇ ಶುರುಮಾಡುತ್ತಾರೆ. ಕಥೆ ಮುಗಿಯುವಷ್ಟರಲ್ಲಿ ಅತ್ತೆ ಆ ಚಹಾವನ್ನು ತಾವೇ ಕುಡಿದಿರುತ್ತಾರೆ.

ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎಲ್ಲಿ ನೋವು ಎಂದು ಅವರು ಕೇಳಿದ್ದೇ ತಪ್ಪಾಯಿತು. ಮಾವ ಮರಳ ಮೇಲೆ ಮನೆ ಕಟ್ಟಿದವನ ಕಥೆ ಎತ್ತಿದರು. ಮಳೆ ಬಂತು, ನೆರೆ ಬಂತು, ಗಾಳಿ ಬೀಸಿತು. ಡಾಕ್ಟರು ಪಾಪ, ಇದು ಹೊಟ್ಟೆಯ ವಾಯುವೇ ಇರಬೇಕೆಂದು ಮಾತ್ರೆ ಬರೆದುಕೊಟ್ಟರು. ನೋವಿದ್ದದ್ದು ಮೊಣಕಾಲಿನಲ್ಲಿ!

ಭಾನುವಾರದ ಪಾಠದ ಗಮ್ಮತ್ತು ಇನ್ನೊಂದು. ನಮ್ಮ ಕರಾವಳಿಯಲ್ಲಿ ಕುರಿ ಎಲ್ಲಿದೆ ಹೇಳಿ? ಮಕ್ಕಳು ಕುರಿ ಕಂಡಿದ್ದು ಕ್ರಿಸ್‌ಮಸ್ ಗೋದಲಿಯ ಮಣ್ಣಿನ ಬೊಂಬೆಗಳಲ್ಲಿ ಮಾತ್ರ. ಅದಕ್ಕೆ ಮಾವ ಯೇಸುವಿನ ಕಥೆಯ ಕಳೆದುಹೋದ ಕುರಿಯನ್ನು ಕೋಳಿ ಮಾಡಿದರು. ತೊಂಬತ್ತೊಂಬತ್ತು ಕೋಳಿಗಳನ್ನು ಬಿಟ್ಟು ಯಜಮಾನ ಒಂದೇ ಒಂದು ಕೋಳಿಯನ್ನು ಹುಡುಕುತ್ತಾ ಹೋದ ಎಂದು ಮಾವ ಗದ್ಗದಿತರಾಗಿ ಹೇಳುತ್ತಿದ್ದರೆ, ಮುಂದಿನ ಸಾಲಿನ ಪೋರಿಯೊಬ್ಬಳು ಎದ್ದು ನಿಂತಳಂತೆ.

"ಸರ್, ಅಷ್ಟ್ರೊಳಗೆ ಮುಂಗುಸಿ ಬಂದ್ರೆ ಎಂತ ಮಾಡೂದು?"

ಮಾವ ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಮುಂದಿನ ಭಾನುವಾರದಿಂದ ಆ ಯಜಮಾನ ಗೂಡಿನ ಬಾಗಿಲು ಹಾಕಿ, ಅಗುಳಿ ಸಿಕ್ಕಿಸಿ, ಎರಡು ಸಲ ಎಳೆದು ನೋಡಿ ಹೊರಡತೊಡಗಿದ. ಸುವಾರ್ತೆಗೆ ಅಗುಳಿ ಹಾಕಿದ ಮಹಾನುಭಾವರು ನನ್ನ ಮಾವ ಒಬ್ಬರೇ ಇರಬೇಕು. ವಿಷಯ ತಿಳಿದ ಪಾದ್ರಿಗಳು ಬೈಯಬೇಕೆಂದೇ ಬಂದವರು ನಕ್ಕು ನಕ್ಕು ಸುಸ್ತಾಗಿ ಹಾಗೆಯೇ ವಾಪಸು ಹೋದರು.

ಇಷ್ಟೆಲ್ಲಾ ಕಥೆ ಹೇಳುವ ಮಾವ ಒಂದು ಕಥೆಯನ್ನು ಮಾತ್ರ ಪ್ರತಿ ವರ್ಷವೂ ಹಾರಿಸುತ್ತಿದ್ದರು. ಮನೆ ಬಿಟ್ಟು ಹೋಗಿ ತಿರುಗಿ ಬಂದ ತಮ್ಮನದು, ಅವನಿಗಾಗಿ ಹಬ್ಬ ನಡೆಯುವಾಗ ಸಿಟ್ಟಿನಿಂದ ಹೊರಗೇ ನಿಂತ ಅಣ್ಣನದು. ಕಾರಣ ನಮಗೆಲ್ಲ ಗೊತ್ತು. ಮುರ್ಡೇಶ್ವರದಲ್ಲಿರುವ ನನ್ನ ಸಣ್ಣ ಮಾವ ಮೀನಿನ ಬೋಟಿನವರು. ಅಜ್ಜಿ ತೀರಿಕೊಂಡಾಗ ಸಮುದ್ರದಲ್ಲಿದ್ದರು, ಫೋನು ತಾಗಲಿಲ್ಲ, ಮಣ್ಣಾದ ಮರುದಿನ ಬಂದರು. ಆವತ್ತಿನಿಂದ ದೊಡ್ಡ ಮಾವ ತಮ್ಮನ ಹತ್ತಿರ ಮಾತು ಬಿಟ್ಟರು. ಹನ್ನೊಂದು ವರ್ಷ!

ಈಚೆಗೆ ಆ ತಮ್ಮನ ಮಗಳ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ರೋಸ್ ಎಂದು ಮಾಡುತ್ತೇವೆ, ಮದುಮಗಳ ತಲೆಗೆ ತೆಂಗಿನ ಹಾಲು ಎರೆಯುವ ಶಾಸ್ತ್ರ. ನಮ್ಮ ಮನೆತನದಲ್ಲಿ ಮೊದಲ ಕೈ ಹಿರಿಯರದು. ಹುಡುಗಿ ತಾನೇ ಬಂದು, ದೊಡ್ಡಪ್ಪ ಬಾರದೆ ಯಾರೂ ತನ್ನ ತಲೆ ಮುಟ್ಟುವಂತಿಲ್ಲ ಎಂದು ಹೇಳಿಹೋದಳು. ಮಾವ ಎರಡು ದಿನ ಯೋಚಿಸಿ, ಮನೆಯ ಕೋಳಿಗಳಿಗೆ ಕಾಳು ಹಾಕುವವರಿಲ್ಲ, ಬರಲಾಗುವುದಿಲ್ಲ ಎಂದರು. ಮದುವೆಯ ಔತಣಕ್ಕೆ ಕರೆದರೆ ನೆಪ ಹೇಳಿ ತಪ್ಪಿಸಿಕೊಂಡವರ ದೃಷ್ಟಾಂತವನ್ನು ಇದೇ ಮಾವ ಎಷ್ಟು ಸಲ ಹೇಳಿದ್ದಾರೋ!

ಅತ್ತೆ ಸೌಟು ಕೆಳಗಿಟ್ಟರು. "ಹೊಲ ತಕಂಡವ ಬರ್ಲಿಲ್ಲ, ಎತ್ತು ತಕಂಡವ ಬರ್ಲಿಲ್ಲ ಅಂತ ಮಕ್ಕಳಿಗೆ ಹೇಳ್ತೀರಲ್ಲ. ಈಗ ಕೋಳಿ ಸಾಕಿದವನೂ ಸೇರ್ದ, ಆತು."

ರೋಸಿನ ಸಂಜೆ ಮಾವ ನನ್ನ ಸ್ಕೂಟರಿನ ಹಿಂದೆ ಕುಳಿತರು. ಉಡುಗೊರೆ ಕೊಟ್ಟು ಗೇಟಿನಿಂದಲೇ ವಾಪಸು ಎಂದು ದಾರಿಯುದ್ದಕ್ಕೂ ಕರಾರು ಬೇರೆ.

ಗೇಟಿಗೆ ಬಂದಾಗ ಒಳಗೆ ಹೆಂಗಸರು ರೋಸಿನ ಹಾಡು ಹಾಡುತ್ತಿದ್ದರು. ಮಾವ ಉಡುಗೊರೆಯ ಚೀಲ ನನ್ನ ಕೈಗೆ ಕೊಟ್ಟು ಅಲ್ಲೇ ನಿಂತುಬಿಟ್ಟರು. ಕರೆದರೆ ಬರಲೊಲ್ಲರು, ಹೊರಡೋಣವೆಂದರೆ ಕದಲಲೊಲ್ಲರು. ಒಳಗೆ ಹುಡುಗಿ ಒಣ ತಲೆಯಲ್ಲಿ ಕಾದು ಕುಳಿತಿದ್ದಾಳೆ. ನನಗೋ ಸಿಟ್ಟು, ನಗು, ಅಳು ಮೂರೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಸಣ್ಣ ಮಾವನೇ ತೆಂಗಿನ ಹಾಲಿನ ಬಟ್ಟಲು ಹಿಡಿದು ಹೊರಗೆ ಬಂದು, ಅಣ್ಣನ ಎದುರು ತಲೆ ತಗ್ಗಿಸಿ ನಿಂತರು. ದೊಡ್ಡ ಮಾವ ಗಂಟಲು ಸರಿಮಾಡಿಕೊಂಡರು. ಕಥೆ ಶುರುವಾಯಿತು, ಇನ್ನು ಅರ್ಧ ಗಂಟೆ ಎಂದುಕೊಂಡು ನಾನು ಸ್ಕೂಟರಿಗೆ ಸ್ಟ್ಯಾಂಡು ಹಾಕಿದೆ.

"ಅಮ್ಮ ಕಡೇಗೆ ನಿನ್ನೇ ಕೇಳ್ತಾ ಇದ್ದಳು," ಎಂದರು ದೊಡ್ಡ ಮಾವ. "ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಹೆಸರು ಒಂದು ಸಲನೂ ಹೇಳ್ಲಿಲ್ಲ. ಅದ್ಕೇ ಅವಳು ಕೇಳಿದ್ದನ್ನ ಇಷ್ಟು ವರ್ಷ ನಿಂಗೆ ಹೇಳ್ಲಿಲ್ಲ."

ಸಣ್ಣ ಮಾವ ತಲೆ ಎತ್ತಿ ಅಣ್ಣನ ಮುಖ ನೋಡಿದರು.

"ನೀ ಯಾವಾಗ್ಲೂ ಅವಳ ಹತ್ರನೇ ಇದ್ದೆಯಲ್ಲ ಅಣ್ಣಾ," ಎಂದರು. "ನಿನ್ನ ಎಂತಕ್ಕೆ ಕರೀಬೇಕು ಅವಳು?"

ದೊಡ್ಡ ಮಾವ ಆ ಬಟ್ಟಲನ್ನು ತಮ್ಮನ ಕೈಯಿಂದ ಇಸಿದುಕೊಂಡರು, ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿಲ್ಲದೆ ಹಾಗೆಯೇ ಅಳುತ್ತಾ ಒಳಗೆ ನಡೆದರು.