ಹಗಲೋ, ಸಂಜೆಯೋ

ಆ ಫಾರಮ್ಮಿನಲ್ಲಿ ಇದ್ದದ್ದು ಎರಡೇ ಚೌಕ. ಒಂದರ ಪಕ್ಕ ‘ಹಗಲು ತರಗತಿ, ಮೂರು ವರ್ಷ’. ಇನ್ನೊಂದರ ಪಕ್ಕ ‘ಸಂಜೆ ತರಗತಿ, ಐದು ವರ್ಷ’. ನರ್ಸಿಂಗ್ ಶಾಲೆಯವರು ಎರಡರಲ್ಲೂ ಅವನಿಗೊಂದು ಸೀಟು ಹಿಡಿದಿಟ್ಟು, ಬೇಕಾದ ಕಡೆ ಟಿಕ್ ಹಾಕಿ ತರಲು ಹದಿನೈದು ದಿನ ಕೊಟ್ಟಿದ್ದರು. ಹದಿನಾಲ್ಕು ದಿನ ಪೆನ್ನು ಎತ್ತುವುದರಲ್ಲಿ, ಇಳಿಸುವುದರಲ್ಲಿ ಕಳೆದಿತ್ತು. ಇವತ್ತು ಸಂಜೆ ಐದಕ್ಕೆ ಗಡುವು.

ಆಸ್ಪತ್ರೆಯಲ್ಲಿ ಅವನನ್ನು ಗಾಲಿ ಎಂದೇ ಕರೆಯುತ್ತಿದ್ದರು. ಆರು ವರ್ಷದಿಂದ ರೋಗಿಗಳ ಗಾಲಿಕುರ್ಚಿ ತಳ್ಳುವವನು. ಎಲ್ಲ ಬಾಗಿಲ ತನಕ ಹೋಗುವುದು, ಎಲ್ಲ ಬಾಗಿಲಲ್ಲೂ ನಿಂತುಬಿಡುವುದು ಅವನ ಕೆಲಸ. ಬಾಗಿಲಾಚೆಯ ಸೂಜಿ, ಔಷಧಿ, ಬ್ಯಾಂಡೇಜು ನರ್ಸುಗಳದ್ದು. ಆ ಬಾಗಿಲು ದಾಟಬೇಕೆಂಬುದೊಂದೇ ಅವನ ಆಸೆ. ಹಗಲು ಓದಿದರೆ ಬೇಗ ದಾಟಬಹುದು, ಆದರೆ ಕೆಲಸ ಬಿಡಬೇಕು. ಸಂಜೆ ಓದಿದರೆ ಕೆಲಸ ಉಳಿಯುತ್ತದೆ, ನಿದ್ದೆ ಉಳಿಯುವುದಿಲ್ಲ.

“ಇರೋ ಕೆಲಸ ಬಿಡಬೇಡಪ್ಪ,” ಅಂದಳು ಅಮ್ಮ, ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಾಗ. “ಸಂಜೆ ಓದ್ಕೋ. ಐದು ವರ್ಷ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗುತ್ತೆ.”

“ಸಂಜೆ ಹೊತ್ತು ಮುಚ್ಚಿದ್ರೆ ತೆಗೆಯೋಕಾಗಲ್ಲಮ್ಮ, ಅದೇ ತೊಂದರೆ.”

ಹೆಡ್ ಸಿಸ್ಟರ್ ಅದೇ ಶಾಲೆಯಲ್ಲಿ ಕಲಿತವರು. ಅವರ ಮಾತು ಇದಕ್ಕೆ ತದ್ವಿರುದ್ಧ. “ಹಗಲೇ ಓದು. ಎರಡು ದೋಣಿ ಮೇಲೆ ಕಾಲಿಟ್ರೆ ಮುಳುಗೋದು ನೀನು, ದೋಣಿಗೇನೂ ಆಗಲ್ಲ. ನೀನು ನಮಗೆ ಬೇಕು ಕಣಯ್ಯ, ಆದ್ರೆ ಕುರ್ಚಿ ಹಿಂದೆ ಅಲ್ಲ.”

ಅಂದು ಗಾಲಿಯ ಕಾಲು ಒಂದು ಕಡೆ, ತಲೆ ಇನ್ನೊಂದು ಕಡೆ. ಎಕ್ಸ್‌ರೇಗೆ ಕರೆದೊಯ್ಯಬೇಕಾದವರನ್ನು ಬಟ್ಟೆ ಒಗೆಯುವ ಕೋಣೆಗೆ ತಳ್ಳಿಕೊಂಡು ಹೋದ. ಅವರು ತಮ್ಮ ಕೈಗೆ ಕಟ್ಟಿದ್ದ ಪಟ್ಟಿಯನ್ನು ನೋಡಿಕೊಂಡು, ಇದನ್ನೂ ಒಗೀತಾರಾ ಎಂದು ವಿನಯದಿಂದ ಕೇಳಿದರು.

ಫಾರಮ್ಮಿನ ಸುದ್ದಿ ಗಂಡಸರ ವಾರ್ಡಿಗೆ ಮುಟ್ಟಿತು. ಅಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಒಬ್ಬ ದರ್ಜಿ, ಕೈ ಖಾಲಿಯಿದ್ದುದರಿಂದ, ಮತದಾನವನ್ನೇ ಏರ್ಪಡಿಸಿಬಿಟ್ಟ. ಹದಿಮೂರು ಹಾಸಿಗೆ, ಹಗಲಿಗೆ ಆರು ಮತ, ಸಂಜೆಗೆ ಆರು. ಹದಿಮೂರನೆಯವರು ಆಪರೇಷನ್ ಮುಗಿಸಿ ಬಂದು ಇನ್ನೂ ಮಂಪರಿನಲ್ಲಿದ್ದರು. ವಾರ್ಡಿಗೆ ವಾರ್ಡೇ ಉಸಿರು ಬಿಗಿಹಿಡಿದು ಕಾಯಿತು. ಅವರು ಕಣ್ಣು ಬಿಟ್ಟು ಚಲಾಯಿಸಿದ ಮತ, ‘ನೀರು’. ಗಾಲಿ ಸಿಸ್ಟರನ್ನು ಕೇಳಿ, ಒದ್ದೆ ಹತ್ತಿಯಿಂದ ಅವರ ತುಟಿ ಒರೆಸಿದ. ಅಷ್ಟರಲ್ಲಿ ಫಾರಮ್ಮು ಹನ್ನೆರಡು ಕೈ ದಾಟಿ ಹಳೇ ನೋಟಿನ ಹಾಗೆ ಮೆತ್ತಗಾಗಿತ್ತು.

ಮಧ್ಯಾಹ್ನ ಅಮ್ಮ ಊಟದ ಡಬ್ಬಿ ತಂದಳು. ತಂದವಳು ನೇರವಾಗಿ ಹೆಡ್ ಸಿಸ್ಟರನ್ನು ಹುಡುಕಿ, ಪಡಸಾಲೆಯ ಕೊನೆಯ ಬೆಂಚಿನಲ್ಲಿ ಜಗಳಕ್ಕೆ ಕೂತಳು. ಗಾಲಿ ಕುರ್ಚಿ ತಳ್ಳುತ್ತ ಆ ಕಡೆ ಹೋದಾಗ ಅಮ್ಮನ ಕೈ ಗಾಳಿಯಲ್ಲಿತ್ತು. ಈ ಕಡೆ ಬಂದಾಗ ಸಿಸ್ಟರ್ ಬೆರಳು ಅಲ್ಲಾಡುತ್ತಿತ್ತು. ಮೂರನೆಯ ಸಲ ನೋಡಿದರೆ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು, ಒಬ್ಬರಿಗೊಬ್ಬರು ಬಡಿಸುತ್ತಿದ್ದರು. ಬಿಡುವು ಸಿಕ್ಕಿ ಅವನು ಓಡಿ ಬರುವಷ್ಟರಲ್ಲಿ ಅಮ್ಮ ಹೋಗಿಯಾಗಿತ್ತು. ಡಬ್ಬಿಯಲ್ಲಿ ಒಂದು ಅಗುಳೂ ಇರಲಿಲ್ಲ.

ಮೂರೂವರೆಗೆ ಒಬ್ಬ ಅಜ್ಜಿಯನ್ನು ಆಪರೇಷನ್ ಕೋಣೆಗೆ ಕರೆದೊಯ್ದ. ದಾರಿಯುದ್ದಕ್ಕೂ ಆಕೆ ಅವನ ಬೆರಳು ಬಿಡಲಿಲ್ಲ. ಬಾಗಿಲಲ್ಲಿ ಕುರ್ಚಿ ನಿಂತಿತು.

“ನೀನೂ ಒಳಗೆ ಬಾ ಮಗ.”

“ನಾನು ಇಲ್ಲೀತನಕ ಮಾತ್ರ ಅಜ್ಜಿ.”

“ಹಾಗಾದ್ರೆ ಬೇಗ ಒಳಗೆ ಬರೋ ದಾರಿ ನೋಡ್ಕೋ,” ಎಂದು ಆಕೆ ಬೆರಳನ್ನು ಮೆಲ್ಲನೆ ಬಿಟ್ಟಳು.

ಗಾಲಿ ಖಾಲಿ ಕುರ್ಚಿಯ ಕೈಮೇಲೆ ಫಾರಮ್ಮು ಇಟ್ಟು ‘ಹಗಲು’ ಚೌಕಕ್ಕೆ ಟಿಕ್ ಹಾಕಿದ. ಎಷ್ಟು ಒತ್ತಿ ಹಾಕಿದನೆಂದರೆ ಕಾಗದ ತೂತಾಯಿತು. ಹದಿನೈದು ದಿನದಲ್ಲಿ ಮೊದಲ ಸಲ ಅವನಿಗೆ ಹಸಿವಾಯಿತು.

ಗೇಟಿನ ಕಾವಲುಗಾರ ಕೇಳುವ ಮೊದಲೇ ತನ್ನ ಸೈಕಲ್ ಕೊಟ್ಟ. ಅದರ ಚೈನು ದಾರಿಯಲ್ಲಿ ಮೂರು ಸಲ ಕಳಚಿತು. ನರ್ಸಿಂಗ್ ಶಾಲೆಯ ಕಚೇರಿಗೆ ನುಗ್ಗಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಟಿಕ್ಕಿನ ಪಕ್ಕ ಕಪ್ಪು ಹೆಬ್ಬೆಟ್ಟಿನ ಗುರುತೂ ಬಿದ್ದಿತ್ತು.

ಮುದಿ ಗುಮಾಸ್ತರು ಫಾರಮ್ಮು ನೋಡಿದರು, ಅವನ ಮುಖ ನೋಡಿದರು, ಮೊದಲು ಒಂದು ಲೋಟ ನೀರು ಕೊಟ್ಟರು.

“ಎರಡೂವರೆಗೆ ನಿಮ್ಮ ತಾಯಿ ಬಂದಿದ್ರಪ್ಪ. ‘ಹೆಡ್ ಸಿಸ್ಟರ್ ನನ್ನ ಕಣ್ಣು ತೆರೆಸಿದ್ರು, ನನ್ನ ಮಗ ಹಗಲೇ ಓದ್ಲಿ, ಸಂಜೆ ಸೀಟು ಬೇರೆಯವರಿಗೆ ಕೊಟ್ಬಿಡಿ’ ಅಂತ ಅತ್ರು. ಕೊಟ್ಬಿಟ್ಟೆ.”

“ನಾನೂ ಹಗಲಿಗೇ ಹಾಕಿದೀನಿ ಸಾರ್,” ಅಂದ ಗಾಲಿ. ಅವನ ಮುಖ ಅರಳಿತು.

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. “ಮೂರಕ್ಕೆ ನಿಮ್ಮ ಹೆಡ್ ಸಿಸ್ಟರ್ ಆ ಕಡೆ ಮೇಜಿಗೆ ಫೋನ್ ಮಾಡಿದ್ರು. ‘ಅವನ ತಾಯಿ ಮಾತು ಕೇಳಿ ಕರುಳು ಚುರ್ ಅಂತು, ಕೆಲಸ ಕಳ್ಕೊಳ್ಳೋದು ಬೇಡ, ಸಂಜೆ ಸೀಟೇ ಇರ್ಲಿ, ಹಗಲಿಂದು ಬಿಟ್ಬಿಡಿ’ ಅಂದ್ರಂತೆ. ಹಗಲಿನ ಪುಸ್ತಕ ಆ ಮೇಜಿನ ಗುಮಾಸ್ತರದ್ದು. ಅವರೂ ಕೊಟ್ಬಿಟ್ರು. ನಡುವೆ ಈ ಅಲ್ಮೇರಾ ಇದೆಯಲ್ಲ, ನಾಲ್ಕು ಗಂಟೆ ಟೀಗೆ ಸೇರೋ ತನಕ ನಮಗೆ ಗೊತ್ತಾಗಲಿಲ್ಲ.”

ಮಧ್ಯಾಹ್ನ ಆ ಬೆಂಚಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ಒಪ್ಪಿಸಿಬಿಟ್ಟಿದ್ದರು. ಗಾಲಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ತಿಳಿಯಲಿಲ್ಲ. ನಾಳೆ ಎಂಟಕ್ಕೆ ಕುರ್ಚಿ ತಳ್ಳಲು ಹೋಗಬೇಕು ಎಂಬುದಷ್ಟೇ ತಿಳಿಯಿತು.

ಗುಮಾಸ್ತರು ಡ್ರಾಯರಿನಿಂದ ಮುಂದಿನ ವರ್ಷದ ಫಾರಮ್ಮು ತೆಗೆದು ಅವನ ಮುಂದಿಟ್ಟರು. ಅದರಲ್ಲೂ ಎರಡು ಚೌಕ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

“ಕೂತ್ಕೋ ಮಾರಾಯ. ನನ್ನ ಕೇಳಿದ್ರೆ, ಸಂಜೇನೇ ವಾಸಿ.”

“ಅವರ ಮಾತು ಕೇಳಬೇಡಪ್ಪ,” ಎಂದು ಅಲ್ಮೇರಾದ ಹಿಂದಿನಿಂದ ಇನ್ನೊಬ್ಬ ಗುಮಾಸ್ತರು ಎದ್ದು ಬಂದರು, ತಮ್ಮ ಕುರ್ಚಿಯನ್ನೂ ಎಳೆದುಕೊಂಡು.

ಗಡಿಯಾರ ಐದು ಹೊಡೆಯಿತು. ಇಬ್ಬರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ.