ನಾಲ್ವರು ಅಧ್ಯಕ್ಷರು, ಒಂದು ಖಾಯಂ ನೌಕರಿ

ಪಂಚಾಯ್ತಿ ಕಟ್ಟೆ ಹತ್ತಿದವನಿಗೆ ದಿನಕ್ಕೊಂದು ಇಂಥದು ಆಗುತ್ತಲೇ ಇರುತ್ತದೆ. ನಗಬೇಕೋ ಅಳಬೇಕೋ ಅನ್ನುವುದು ಮನೆಗೆ ಹೋಗಿ ಉಂಡ ಮೇಲೆಯೇ ತಿಳಿಯುವುದು. ಮೋರಟಗಿ ಕಡೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿ ನಾನು ಹಂಗಾಮಿ ಜವಾನ. ಖಾಯಂ ಆಗಬೇಕಾದರೆ ಅಧ್ಯಕ್ಷರು ಸಭೆಯಲ್ಲಿ ಠರಾವು ಇಡಬೇಕು.

೧. ಯಾವ ಅಧ್ಯಕ್ಷರು?

ಸೇರಿದ ದಿನವೇ ಪಿಡಿಒ ಸಾಹೇಬರು ಒಂದು ಕಾಗದ ಕೊಟ್ಟು, "ಅಧ್ಯಕ್ಷರ ಸಹಿ ಮಾಡಿಸ್ಕೊಂಡು ಬಾ" ಅಂದರು. ಚಹಾದಂಗಡಿ ಮುಂದೆ ನಿಂತು "ರೀ ಅಧ್ಯಕ್ಷರೇ" ಎಂದು ಕರೆದೆ. ನಾಲ್ಕು ಜನ ಹೊಳ್ಳಿ ನೋಡಿದರು. ನಮ್ಮ ಕಡೆ ಒಮ್ಮೆ ಅಧ್ಯಕ್ಷರಾದವರು ಸಾಯುವತನಕ ಅಧ್ಯಕ್ಷರೇ.

"ಈಗಿನವ್ರು ಯಾರ್ರಿ?" ಅಂದೆ. ನಾಲ್ವರೂ ಪೆನ್ನಿಗೆ ಕೈ ಚಾಚಿದರು.

ಚಹಾದವ ಅಂದ: "ಎಲ್ಲಾರ ಕಡೆನೂ ಸಹಿ ಮಾಡಿಸ್ಕೊ. ಅದರಾಗ ಒಂದಾದ್ರೂ ನಡೀತೈತಿ."

೨. ಇಂಡಿಗೆ ಹೊರಟ ರಾಜೀನಾಮೆ

ಈಗಿನವರು ಕಡೆಗೂ ಸಿಕ್ಕರು. ಒಳ್ಳೆಯ ಮನುಷ್ಯ, ಆದರೆ ಒಂದು ಮಾತಿನ ಮೇಲೆ ನಿಂತವರಲ್ಲ. ಹದಿನೈದು ತಿಂಗಳಿಗೆ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಡುವ ಮಾತಾಗಿತ್ತು. ರಾಜೀನಾಮೆ ಬರೆದು, ಇಂಡಿ ಊರಿನ ಎ.ಸಿ. ಸಾಹೇಬರಿಗೆ ಮುಟ್ಟಿಸು ಎಂದು ನನಗೆ ಕೊಟ್ಟರು. ಬಸ್ಸು ಹೊರಡುವಷ್ಟರಲ್ಲಿ ಫೋನು: "ಬ್ಯಾಡ, ಇಳಿ." ಮರುದಿನ ಮತ್ತೆ ಹತ್ತಿಸಿದರು, ಮತ್ತೆ ಇಳಿಸಿದರು.

ಮೂರನೇ ದಿನ ಕಂಡಕ್ಟರು ಟಿಕೆಟ್ ಹರಿಯದೆ ನನ್ನ ಮುಂದೆ ನಿಂತ. "ಮೊದಲ ನಿನ್ನ ಫೋನ್ ಬರ್ಲಿ" ಅಂದ.

೩. ಟವೆಲ್ಲು

ಕುರ್ಚಿ ಬಿಡಲಿಲ್ಲವೆಂದು ಉಳಿದ ಸದಸ್ಯರು ಅವಿಶ್ವಾಸ ತಂದರು. ಅಧ್ಯಕ್ಷರು ಹೋದರೆ ನನ್ನ ಖಾಯಂ ನೌಕರಿಯೂ ಹೋದಂತೆ. ಮುಂದಿನ ವಾರವೇ ನನ್ನ ಠರಾವು ಇಡುವುದಾಗಿ ಅವರು ಮಾತು ಕೊಟ್ಟಿದ್ದರು. ಅದೃಷ್ಟಕ್ಕೆ ವಿರೋಧಿಗಳಿಗೆ ಒಂದು ಕೈ ಕಡಿಮೆ ಇತ್ತು; ಅಧ್ಯಕ್ಷರು ಸುಮ್ಮನೆ ಕೂತರೆ ಸಾಕಿತ್ತು.

ಆದರೆ ಸಭೆಯ ಭಾಷೆ ಅವರ ತಲೆಗೆ ಹತ್ತುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡರೆ ಅವರು ಕೈ ಎತ್ತಬೇಕು ಎಂಬುದು ನಮ್ಮಿಬ್ಬರ ಹಳೆಯ ಒಪ್ಪಂದ. ಅವತ್ತು ಕೆಂಡದಂಥ ಬಿಸಿಲು, ಕುರ್ಚಿ ಹೊತ್ತು ಹೊತ್ತು ನನಗೆ ಸಾಕಾಗಿತ್ತು. ಸಭೆ ನಡೆಸಲು ಬಂದಿದ್ದ ಇಂಡಿಯ ಎ.ಸಿ. ಸಾಹೇಬರು ಮಾರುದ್ದದ ಕಾಗದ ಓದಿ, "ಗೊತ್ತುವಳಿಗೆ ಒಪ್ಪಿಗೆ ಇದ್ದವರು ಕೈ ಎತ್ತರಿ" ಅನ್ನುವುದಕ್ಕೂ ನಾನು ಬೆವರು ಒರೆಸಿಕೊಳ್ಳುವುದಕ್ಕೂ ಸರಿಹೋಯಿತು. ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಅಧ್ಯಕ್ಷರ ಕೈ.

"ನೀವೂ ಎತ್ತೀರೇನ್ರಿ?" ಸಾಹೇಬರೇ ಗಾಬರಿಯಾದರು.

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಅವಮಾನಕ್ಕೆ ಟವೆಲ್ಲಿನಲ್ಲೇ ಮುಖ ಮುಚ್ಚಿಕೊಂಡಿದ್ದೆ. ಅವರು ಎರಡನೇ ಕೈಯನ್ನೂ ಎತ್ತಿದರು.

ಸಭೆ ಮುಗಿಯಿತು. ಅಧ್ಯಕ್ಷರು ಹೊರಗೆ ಬಂದವರೇ ನನ್ನ ಹೆಗಲ ಮೇಲೆ ಕೈ ಹಾಕಿ ಅಂದರು: "ಅಂಜಬ್ಯಾಡೋ. ಇದು ಪಾಸ್ ಆತು. ಮುಂದಿನ ವಾರ ನಿಂದು."