ಮನೆಯ ಹಲ್ಲು ನೋಡುವ ನನ್ನ ನಾದಿನಿ

ನನ್ನ ನಾದಿನಿಗೆ ಮನೆ ಕೊಳ್ಳುವ ರೋಗವಿದೆ. ಔಷಧಿ ಇಲ್ಲ! ಶಿರಾದಲ್ಲಿ ಆಗಲೇ ಮೂರು ಮನೆ ಬಾಡಿಗೆಗೆ ಬಿಟ್ಟಿದ್ದಾಳೆ. ತಾನು ಮಾತ್ರ ಕಳ್ಳಂಬೆಳ್ಳದ ಶೀಟಿನ ಮನೆಯಲ್ಲೇ ಇದ್ದಾಳೆ. ಹೆಸರು ಹೇಳೋದಿಲ್ಲ. ಹೇಳಿದರೆ ಅದಕ್ಕೂ ಬಾಡಿಗೆ ಕೇಳುತ್ತಾಳೆ.

ನಾನು ಓದಿದ್ದು ಮೂರನೇ ಕ್ಲಾಸು, ಅವಳು ಐದು. ಆ ಎರಡು ಕ್ಲಾಸಿನ ಜಂಬ ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಸವಕಳಿ ತೋರಿಸಿದರೆ ತೆರಿಗೆ ಇಳಿಯುತ್ತದೆ ಅಂತ ಯಾರೋ ಹೇಳಿದ್ದರಂತೆ. ಬಾಡಿಗೆ ಮನೆಗಳ ಫ್ಯಾನು, ಮೋಟರು, ನಲ್ಲಿ, ಚಿಲಕ ಎಲ್ಲದರ ವಯಸ್ಸು ಬರೆದು, ವರ್ಷಕ್ಕೆ ಎಷ್ಟು ಸವೆಯಿತು ಅಂತ ನೋಟ್‌ಬುಕ್ಕು ತುಂಬಿಸಿ, ನನ್ನನ್ನೂ ಎಳೆದುಕೊಂಡು ಆಡಿಟರ್ ಹತ್ತಿರ ಹೋದಳು. ಆತ ಪುಸ್ತಕ ಮುಚ್ಚಿಟ್ಟು ಹೇಳಿದ: "ಅಮ್ಮಾ, ಬಾಡಿಗೆ ಮನೆಗೆ ಇದೆಲ್ಲ ನಡೆಯಲ್ಲ. ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ ಮೂವತ್ತು ಬಿಟ್ಟುಬಿಡ್ತಾರೆ. ನೀವು ರಿಪೇರಿ ಮಾಡ್ಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

"ಮೋಟರು ಸುಟ್ಟೋದ್ರೂ ಮೂವತ್ತೇ, ಸುಡ್ದಿದ್ರೂ ಮೂವತ್ತೇ?"

"ಮೂವತ್ತೇ."

ಬೇರೆಯವರಾಗಿದ್ದರೆ ಅತ್ತುಬಿಡುತ್ತಿದ್ದರು. ಇವಳ ಮುಖ ಅರಳಿತು! "ಅಂಗಾದ್ರೆ ಏನೂ ಸವೀದಂಗೆ ನೋಡ್ಕಂಡ್ರೆ ಮೂವತ್ತೂ ನಂದೇ ಅಲ್ವೇನತ್ಗೆ?" ಅವತ್ತಿನಿಂದ ಬಾಡಿಗೆಯವರಿಗೆ ಶನಿ ಹಿಡಿಯಿತು. ಎಣ್ಣೆ ಶೀಶೆ ಹಿಡಿದು ಹೋಗಿ ಬಾಗಿಲ ಕೀಲಿಗೆಲ್ಲ ಎಣ್ಣೆ ಬಿಡುತ್ತಾಳೆ, ಬಾಗಿಲು ಮೆಲ್ಲಗೆ ಹಾಕಿ ಅನ್ನುತ್ತಾಳೆ. ಬಾಡಿಗೆಗಿದ್ದ ಟೈಲರಮ್ಮ ಒಂದು ದಿನ ಕೇಳಿಯೇಬಿಟ್ಟಳು: "ಅಮ್ಮಾ, ನಾವು ಉಸಿರಾಡಿದ್ರೆ ಗೋಡೆ ಸವೀತದಾ? ಬೇಕಾದ್ರೆ ಹೊರಗೆ ಹೋಗಿ ಉಸಿರಾಡ್ತೀವಿ!" ಇವಳು ನಗಲಿಲ್ಲ. ಯೋಚನೆ ಮಾಡಿದಳು!

ಕಳೆದ ವರ್ಷ ಹಳೇ ಹೈವೇ ಬೀದಿಯಲ್ಲಿದ್ದ ನಾಲ್ಕನೆಯ ಮನೆಗೆ ಕಣ್ಣು ಹಾಕಿದಳು. ಲಾರಿ, ಬಸ್ಸೆಲ್ಲ ಹೊಸ ರಸ್ತೆ ಹಿಡಿದ ಮೇಲೆ ಆ ಬೀದಿಯ ಅಂಗಡಿಗಳು ಮುಚ್ಚಿ ರೇಟು ಬಿದ್ದಿತ್ತು. "ಅಂಗ್ಡಿಗೆ ಗಲಾಟೆ ಬೇಕು, ಸಂಸಾರಕ್ಕೆ ಬ್ಯಾಡ. ಈಗ್ಲೇ ಹಿಡೀಬೇಕು. ನಿನ್ನ ಕುರಿ ಮಾರು, ಅತ್ಗೆ."

ನನ್ನ ಕುರಿ! ಗಂಡ ಸತ್ತ ಮೇಲೆ ನನಗೆ ಉಳಿದ ಆಸ್ತಿ ಅದೊಂದೇ. "ಕುರಿ ಮರಿ ಹಾಕ್ತದೆ, ನಿನ್ನ ಮನೆ ಏನು ಹಾಕ್ತದೆ?" ಅಂದೆ.

"ತಿಂಗ್ಳ ತಿಂಗ್ಳ ಹಾಕ್ತದೆ. ಮ್ಯಾವೂ ಕೇಳಲ್ಲ!"

ಮಾರಿದೆ. ಮಗ ಬಯ್ದ: "ಅವ್ವ, ಪತ್ರದಾಗೆ ನಿನ್ನ ಹೆಸ್ರು ಇರ್ತದೋ ಇಲ್ವೋ, ಕೇಳಿದ್ಯಾ?" ಕೇಳಿರಲಿಲ್ಲ. ಕೇಳುವ ಜಾಯಮಾನ ನನ್ನದಲ್ಲ. ಆದರೆ ಅವತ್ತಿನಿಂದ ಖಾಲಿ ಕುರಿ ದೊಡ್ಡಿಯನ್ನು ದಿನಕ್ಕೆರಡು ಸಲ ಗುಡಿಸತೊಡಗಿದೆ.

ಅವಳು ಮನೆ ನೋಡುವುದನ್ನು ನೀವು ನೋಡಬೇಕು! ನಾವು ಕುರಿ ಕೊಳ್ಳುವ ಜನ. ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತೇವೆ. ಇವಳು ನೇರ ಬಚ್ಚಲಿಗೆ ನುಗ್ಗಿದಳು. "ಮನೆ ಹಲ್ಲು ಇಲ್ಲಿರ್ತದೆ" ಅಂತ ಒಂದು ಕೊಡ ನೀರು ಸುರಿದು, ಅದು ಎಷ್ಟು ನಿಧಾನ ಇಳಿಯುತ್ತದೆ ಅಂತ ಕೂತು ನೋಡಿದಳು. "ಹನ್ನೆರಡು ವರ್ಷ ಅಂದ್ಯಲ್ಲಪ್ಪ, ಇಪ್ಪತ್ತಾಗೈತೆ." ಮಾರುವ ಹುಡುಗ ಬೆವರಿದ.

ಕುರಿ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುವುದು ವಾಡಿಕೆ. ಇವಳು ಅವನ ಕೈ ಮೇಲೆ ಟವೆಲ್ ಹಾಕಿ ಬೆರಳು ಹಿಡಿದೇಬಿಟ್ಟಳು!

"ಅಜ್ಜೀ, ಕೈ ಬಿಡಿ, ಬಾಯಲ್ಲಿ ಹೇಳಿ!"

"ಸುಮ್ಕಿರ್ಲಾ! ಬಾಯಲ್ಲಿ ಹೇಳಿದ್ರೆ ಬೀದಿಗೆಲ್ಲಾ ಕೇಳ್ತದೆ, ನಾಳೆ ರೇಟು ಏರ್ತದೆ."

ಯಾವ ಬೆರಳು ಎಷ್ಟು ಲಕ್ಷ ಅಂತ ಅವನಿಗೇನು ಗೊತ್ತು? ಹೂಂ ಅಂದುಬಿಟ್ಟ. ಎಷ್ಟಕ್ಕೆ ಹೂಂ ಅಂದೆ ಅಂತ ಆಮೇಲೆ ನಮ್ಮನ್ನೇ ಕೇಳಿದ! ಇಂಥ ನಾದಿನಿ ಇನ್ಯಾರ ಮನೆಯಲ್ಲಿದ್ದಾಳೆ, ತೋರಿಸಿ!

ನೋಂದಣಿ ದಿನ ಪತ್ರ ಬರೆದವನು ಅದನ್ನು ಗಟ್ಟಿಯಾಗಿ ಓದಿದ. ಕೊಳ್ಳುವವರು ಅಂತ ಮೊದಲು ಬಂದದ್ದು ನನ್ನ ಹೆಸರು. ಅವಳದು ಆಮೇಲೆ.

"ದುಡ್ಡು ನಿಂದೇ ಜಾಸ್ತಿ, ಇದೇನೇ?" ಅಂದೆ.

ಅವಳು ಗೋಡೆ ಕಡೆ ತಿರುಗಿಕೊಂಡು ಹೇಳಿದಳು: "ಕುರಿ ಮೇಯ್ಸಿದ್ದು ನೀನು. ಊರೆಲ್ಲಾ ನಮ್ಮಣ್ಣನ ಕುರಿ ಅಂತಿತ್ತು. ನಾನೂ ಅಂಗೇ ಅಂತಿದ್ದೆ."

ಪೆನ್ನು ಹಿಡಿದೆ. ಮೂರನೇ ಕ್ಲಾಸು ಬಿಟ್ಟ ಮೇಲೆ ಬರೆದದ್ದೇ ಅಪರೂಪ. ಅವಳು ನನ್ನ ಮೊಣಕೈ ಕೆಳಗೆ ಅಂಗೈ ಕೊಟ್ಟು ನಿಂತಳು. ನಾನು ಪೂರ್ತಿ ಹೆಸರು ಬರೆದೆ, ಒಂದಕ್ಷರವನ್ನೂ ಬಿಡದೆ.